ತುಪ್ಪಳದ ವೇಷದೊಳಗೆ ಬೇಯದೆ ಇರುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರಡಿ, ಹುಲಿ, ಮೊಲ, ಯಾವುದೇ ಆಗಲಿ, ಒಳಗೆ ಸ್ಪಂಜು ತುಂಬಿ ಹೊರಗೆ ಕೃತಕ ತುಪ್ಪಳ ಹೊಲಿದ ಪೂರ್ತಿ ಮೈಯ ವೇಷದ ಬಗ್ಗೆ ಇದು. ಮ್ಯಾಸ್ಕಾಟ್ (ತಂಡದ ಅಥವಾ ಕಂಪನಿಯ ಗುರುತಿನ ಪ್ರಾಣಿ) ಕೆಲಸ ಮಾಡುವವರೂ ಖುಷಿಗೆ ಹಾಕುವವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸೆಕೆ ಇಬ್ಬರಿಗೂ ಒಂದೇ ಅಲ್ವಾ.

ಹೊರಗೆ ತಂಪಾಗಿಯೇ ಇದೆ. ಆದರೂ ಒಳಗೆ ಅಷ್ಟು ಸೆಕೆ ಯಾಕೆ?

ಯಾಕೆಂದರೆ ಬಿಸಿ ಹೊರಗಿನಿಂದ ಬರುವುದಕ್ಕಿಂತ ಜಾಸ್ತಿ ನಿಮ್ಮಿಂದಲೇ ಬರುತ್ತದೆ. ಸುಮ್ನೆ ಕೂತಾಗ ದೊಡ್ಡವರ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ. ಕುಣಿಯುತ್ತಾ, ಕೈ ಬೀಸುತ್ತಾ, ಮಕ್ಕಳ ಹಿಂದೆ ಓಡುತ್ತಾ ಇದ್ದರೆ ಅದು 300, 400 ವ್ಯಾಟ್‌ಗೆ ಏರುತ್ತದೆ. ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗವೂ ಕೆಲಸಕ್ಕೆ ಹೋಗುವುದು ಕಷ್ಟ, ಮಿಕ್ಕಿದ್ದೆಲ್ಲ ಬಿಸಿ.

ಆ ಬಿಸಿಗೆ ಹೊರಗೆ ದಾರಿಯಿಲ್ಲ. ತುಪ್ಪಳ ಎಂದರೆ ಹೆಚ್ಚಾಗಿ ಅಕ್ರಿಲಿಕ್ ಎಳೆ, ಅದಕ್ಕೆ ಹಿಂಬದಿಯಲ್ಲಿ ಒತ್ತಾಗಿ ಹೆಣೆದ ಬಟ್ಟೆ. ಎಳೆಗಳ ನಡುವೆ ಗಾಳಿ ಅಲುಗಾಡದೆ ನಿಲ್ಲುತ್ತದೆ, ನಿಂತ ಗಾಳಿ ಶಾಖವನ್ನು ಬಿಟ್ಟುಕೊಡುವುದಿಲ್ಲ. ಅದರ ಕೆಳಗಿನ ಸ್ಪಂಜಿನಲ್ಲೂ ತುಂಬಿರುವುದು ಗಾಳಿಯೇ.

ಇನ್ನು ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈ ಬಿಟ್ಟು ಹೋಗುತ್ತದೆ. ಅದು ದೊಡ್ಡ ಮೊತ್ತ. ಆದರೆ ಹನಿಹನಿಯಾಗಿ ಇಳಿದು ಪಾದದ ಹತ್ತಿರ ಸೇರಿದ ಬೆವರಿನಿಂದ ಒಂದಿಷ್ಟೂ ತಂಪಿಲ್ಲ, ಮೈಯ ನೀರು ಹೋಯಿತು ಅಷ್ಟೆ. ವೇಷ ಹಾಕಿದ ಸ್ವಲ್ಪ ಹೊತ್ತಿಗೇ ಒಳಗಿನ ಗಾಳಿಯಲ್ಲಿ ತೇವ ತುಂಬಿಬಿಡುತ್ತದೆ, ಮುಚ್ಚಳ ಹಾಕಿದ ಪಾತ್ರೆಯ ಹಾಗೆ, ಆಮೇಲೆ ಎಷ್ಟು ಬೆವತರೂ ಅದು ಆರುವುದಿಲ್ಲ. ಹಾಗಾಗಿ ನೀವು ಮಾಡಬಹುದಾದದ್ದು ಎರಡೇ. ಒದ್ದೆ ಗಾಳಿಯನ್ನು ಹೊರಗೆ ಕಳಿಸಬೇಕು, ಇಲ್ಲವೇ ನೀವೇ ಹೊರಗೆ ಬರಬೇಕು. ಮೊದಲನೆಯದು ಎಷ್ಟೇ ಚೆನ್ನಾಗಿ ಮಾಡಿದರೂ ಎರಡನೆಯದು ತಪ್ಪುವುದಿಲ್ಲ.

ಎಷ್ಟು ಹೊತ್ತು ಹಾಕಿಕೊಂಡಿರಬಹುದು?

ತಂಪಾದ ಒಳಾಂಗಣದಲ್ಲಿ 20ರಿಂದ 30 ನಿಮಿಷ. ಬಿಸಿಲಲ್ಲಿ ಅಥವಾ ಜಿಗುಟು ಸೆಕೆಯಲ್ಲಿ 15 ನಿಮಿಷ, ಕೆಲವು ದಿನ ಅದೂ ಜಾಸ್ತಿ. ಆಮೇಲೆ ಕನಿಷ್ಠ ಅಷ್ಟೇ ಹೊತ್ತು ವಿರಾಮ. ಇದು ಕಾನೂನಲ್ಲ, ರೂಢಿಯ ಅಳತೆ. ಮೊದಲ ಸಲ ಹಾಕುವವರು ಇದರ ಅರ್ಧದಿಂದ ಶುರು ಮಾಡಲಿ.

ಗಡಿಯಾರ ವೇಷದೊಳಗಿನವರ ಕೈಯಲ್ಲಿ ಇರಬಾರದು. ಜನ ಚಪ್ಪಾಳೆ ತಟ್ಟುತ್ತಿರುವಾಗ ಯಾರಾದರೂ "ಇನ್ನೊಂದು ಐದು ನಿಮಿಷ" ಅಂತಲೇ ಹೇಳುವುದು. ಜೊತೆಗೆ, ಮೈ ಬಿಸಿಯೇರಿದಾಗ ಮೊದಲು ಕೈಕೊಡುವುದೇ ಅಂದಾಜು. ಸಮಯ ನೋಡುವುದು ಹೊರಗಿರುವವರ ಕೆಲಸ, ಅವರು ಸಾಕು ಅಂದರೆ ಸಾಕು.

ಸೆಕೆಗೆ ಮೈ ಒಗ್ಗುತ್ತದೆ, ಅದಕ್ಕೆ ಒಂದರಿಂದ ಎರಡು ವಾರ ಬೇಕು. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ಅಭ್ಯಾಸ ಮಾಡಿದವರು ಬೇಗ ಬೆವರುತ್ತಾರೆ, ಬೆವರಿನಲ್ಲಿ ಉಪ್ಪು ಕಡಿಮೆ ಕಳೆದುಕೊಳ್ಳುತ್ತಾರೆ. ಕೆಲವು ವಾರ ಬಿಟ್ಟರೆ ಈ ಲಾಭವೂ ಹೋಗುತ್ತದೆ. ಕಳೆದ ವರ್ಷ ಹಾಕಿದ್ದೆ, ನನಗೆ ರೂಢಿಯಿದೆ ಎನ್ನುವ ಮಾತಿಗೆ ಬೆಲೆಯಿಲ್ಲ.

ವಿರಾಮದಲ್ಲಿ ತಲೆ ಮಾತ್ರ ತೆಗೆದರೆ ಸಾಲದೇ?

ಸಾಲದು. ತಲೆ ತೆಗೆದ ತಕ್ಷಣ ಮುಖಕ್ಕೆ ಗಾಳಿ ಬಡಿಯುತ್ತದೆ, ಸ್ವರ್ಗಕ್ಕೆ ಬಂದ ಹಾಗಾಗುತ್ತದೆ, ಆದರೆ ಎದೆ, ಬೆನ್ನು, ತೊಡೆಯೆಲ್ಲ ಇನ್ನೂ ಬೇಯುತ್ತಿರುತ್ತದೆ. ಕೈಗವಸು ತೆಗೆಯಿರಿ, ಝಿಪ್ ಸೊಂಟದವರೆಗೆ ಇಳಿಸಿ, ಮೇಲಿನ ಅರ್ಧ ವೇಷವನ್ನು ಕಳಚಿ ಹಿಂದಕ್ಕೆ ಬಿಡಿ. ದೊಡ್ಡ ಫ್ಯಾನ್ ಮುಂದೆ ಕೂತುಕೊಳ್ಳಿ. ಒಳಗಿನ ಬಟ್ಟೆ ಒದ್ದೆಯಾಗಿರುತ್ತದಲ್ಲ, ಅದರ ಮೇಲೆ ಗಾಳಿ ಹಾಯ್ದರೆ ಇಷ್ಟು ಹೊತ್ತು ವ್ಯರ್ಥವಾದ ಬೆವರು ಈಗ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಉಪಾಯಕ್ಕೆ ಬಕೆಟ್ ಸಾಕು. ಮೊಣಕೈವರೆಗೆ ಎರಡೂ ಕೈಗಳನ್ನು ತಣ್ಣೀರಿನಲ್ಲಿ ಹತ್ತು ಹದಿನೈದು ನಿಮಿಷ ಇಡಿ. ಅಂಗೈಯಲ್ಲಿ, ಮುಂಗೈಯಲ್ಲಿ ರಕ್ತ ಚರ್ಮಕ್ಕೆ ಹತ್ತಿರ ಹರಿಯುತ್ತದೆ, ಅಲ್ಲಿ ತಣ್ಣಗಾಗಿ ಮೈಯೊಳಗೆ ವಾಪಸ್ ಹೋಗುತ್ತದೆ. ದಪ್ಪ ಉಡುಪಿನಲ್ಲಿ ಕೆಲಸ ಮಾಡುವ ಅಗ್ನಿಶಾಮಕ ದಳದವರೂ ಇದನ್ನೇ ಮಾಡುತ್ತಾರೆ. ಇಷ್ಟು ಅಗ್ಗದ, ಇಷ್ಟು ಚೆನ್ನಾಗಿ ಕೆಲಸ ಮಾಡುವ ಉಪಾಯವನ್ನು ವೇಷದವರು ಯಾಕೆ ಬಳಸುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ತಲೆಯೊಳಗೆ ಫ್ಯಾನ್ ಇಟ್ಟರೆ ನಿಜವಾಗಿ ತಂಪಾಗುತ್ತದೆಯೇ?

ಮುಖಕ್ಕೆ ಹಾಯೆನಿಸುತ್ತದೆ, ಕಣ್ಣಿನ ಜಾಲರಿಯ ಹಿಂದೆ ಕಟ್ಟುವ ಮಂಜು ಹೋಗುತ್ತದೆ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಇವು ಸಣ್ಣ ಲಾಭಗಳಲ್ಲ. ಹುಬ್ಬಿನಿಂದ ಇಳಿದ ಬೆವರು ಕಣ್ಣಿಗೆ ಹೋಗಿ ಉರಿಯುತ್ತಿರುತ್ತದೆ, ಒರೆಸಲು ಕೈ ಎತ್ತಿದರೆ ಸ್ಪಂಜಿನ ಪಂಜ ಹೊರಗಿನ ಮೂತಿಗೆ ಬಡಿಯುತ್ತದೆ, ನೋಡುವವರಿಗೆ ಕರಡಿ ಮುಖ ತೊಳೆಯುವ ಹಾಗೆ ಕಾಣುತ್ತದೆ. ಅದನ್ನು ಅನುಭವಿಸಿದವರಿಗೆ ಫ್ಯಾನಿನ ಬೆಲೆ ಗೊತ್ತು.

ಆದರೆ ಪೂರ್ತಿ ಮೈಯ ಶಾಖವನ್ನು ತಲೆಯ ಒಂದು ಪುಟ್ಟ ಫ್ಯಾನ್ ಹೊರಗೆ ಹಾಕುವುದಿಲ್ಲ. ಮುಖ ತಂಪಾಗಿದೆ ಅಂತ ಮೈಯೂ ತಂಪಾಗಿದೆ ಎಂದುಕೊಳ್ಳಬೇಡಿ.

ಇಡುವ ಜಾಗ ಮುಖ್ಯ. 30 ಅಥವಾ 40 ಮಿಲಿಮೀಟರಿನ ಫ್ಯಾನ್ ಮೂತಿಯ ತುದಿಯಲ್ಲಿ ಅಥವಾ ಬಾಯಿಯೊಳಗೆ ಇದ್ದರೆ ಹೊರಗಿನ ಗಾಳಿ ಎಳೆಯುತ್ತದೆ. ಹೋಗುವುದಕ್ಕೂ ದಾರಿ ಬೇಕು, ಅದು ಮೇಲೆ ಇರಲಿ. ಕಿವಿಯ ಬುಡದಲ್ಲಿ, ನೆತ್ತಿಯ ಕೂದಲಿನ ಕೆಳಗೆ ತೂತು ಮಾಡಿ ಕಪ್ಪು ಜಾಲರಿ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಹೊರದಾರಿ ಇಲ್ಲದ ತಲೆಯೊಳಗೆ ಫ್ಯಾನ್ ಇದ್ದಲ್ಲೇ ಇರುವ ಬಿಸಿಗಾಳಿಯನ್ನು ತಿರುಗಿಸುತ್ತಾ ಕೂರುತ್ತದೆ. ರೆಕ್ಕೆಗೆ ಎರಡೂ ಕಡೆ ಜಾಲರಿ ಕಡ್ಡಾಯ, ಕೂದಲು ಸಿಕ್ಕಿಕೊಂಡರೆ ಒಳಗಿಂದ ಬಿಡಿಸಲಾಗದು. ಹೊರಗೇ 35 ಡಿಗ್ರಿ ಮೀರಿದ್ದರೆ ಬರುವ ಗಾಳಿ ಚರ್ಮದಷ್ಟೇ ಬಿಸಿ ಇರುತ್ತದೆ. ಆಗ ಗಾಳಿ ಒಣಗಿದ್ದರೆ ಮಾತ್ರ ಬೆವರು ಆರಿ ಸ್ವಲ್ಪ ಲಾಭ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

ಇಂಥ 5 ವೋಲ್ಟ್ ಫ್ಯಾನ್ ಸುಮಾರು 1 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. 10,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ 37 ವ್ಯಾಟ್-ಗಂಟೆ ಇರುತ್ತದೆ, ನಷ್ಟ ಕಳೆದರೂ ಎರಡು ಫ್ಯಾನ್ ಅರ್ಧ ದಿನ ಆರಾಮವಾಗಿ ತಿರುಗುತ್ತವೆ. ನಿಮಗಿಂತ ಬ್ಯಾಟರಿಯೇ ಗಟ್ಟಿ. ಒಂದು ಕಿರಿಕಿರಿ ಏನೆಂದರೆ ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಸಣ್ಣ ಕರೆಂಟನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಾವಾಗಿ ಆಫ್ ಆಗುತ್ತವೆ. ಮನೆಯಲ್ಲೇ ಒಂದು ಗಂಟೆ ಓಡಿಸಿ ನೋಡಿ. ಬ್ಯಾಟರಿಯನ್ನು ಬೆವರು ತಾಗದ ಚೀಲದಲ್ಲಿ, ಬಿದ್ದರೂ ಜಜ್ಜದ ಜಾಗದಲ್ಲಿ ಇಡಿ. ಉಬ್ಬಿದ ಬ್ಯಾಟರಿ ವೇಷದ ಹತ್ತಿರವೂ ಬರಬಾರದು. ಲಿಥಿಯಂ ಹೊತ್ತಿಕೊಂಡರೆ ಅಕ್ರಿಲಿಕ್ ತುಪ್ಪಳದ ಒಳಗಿಂದ ಓಡಿಬರಲು ಆಗುವುದಿಲ್ಲ.

ಕೂಲಿಂಗ್ ವೆಸ್ಟ್ ತೆಗೆದುಕೊಳ್ಳಬಹುದಾ? ಯಾವುದು ಒಳ್ಳೆಯದು?

ತೆಗೆದುಕೊಳ್ಳಬಹುದು, ಆದರೆ ನಾಲ್ಕು ಬಗೆಯಲ್ಲಿ ಒಂದು ನಿಮಗೆ ಪೂರ್ತಿ ದಂಡ. ನೀರಲ್ಲಿ ನೆನೆಸಿ ಹಿಂಡಿ ಹಾಕುವ ವೆಸ್ಟ್ ಆರುತ್ತಾ ತಂಪು ಕೊಡುತ್ತದೆ. ವೇಷದೊಳಗೆ ಬೆವರೇ ಆರದಿರುವಾಗ ಅದು ಎಲ್ಲಿ ಆರೀತು? ಒದ್ದೆ ಬಟ್ಟೆಯ ಭಾರ ಹೊತ್ತಂತೆ ಅಷ್ಟೆ. ಅಗ್ಗ ಅಂತ ಮೊದಲು ಇದನ್ನೇ ಕೊಳ್ಳುವವರು ಬಹಳ.

ಐಸ್ ಪ್ಯಾಕ್ ಹಾಕುವ ವೆಸ್ಟ್ ಶಾಖ ಹೀರುವುದರಲ್ಲಿ ಎಲ್ಲಕ್ಕಿಂತ ಮುಂದೆ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಬೇಕು. ಎರಡು ಕಿಲೋ ಹೊತ್ತರೆ, 300 ವ್ಯಾಟ್ ಶಾಖ ಬಿಡುವ ಮೈಗೆ ಲೆಕ್ಕದ ಮೇಲೆ ಸುಮಾರು 37 ನಿಮಿಷದ ಬಂಡವಾಳ. ನಿಜದಲ್ಲಿ ಇದಕ್ಕಿಂತ ಕಡಿಮೆ, ಯಾಕೆಂದರೆ ಐಸ್ ಸುತ್ತಲಿನ ಸ್ಪಂಜನ್ನೂ ತಂಪು ಮಾಡುತ್ತಾ ಕೂರುತ್ತದೆ. ಸೊನ್ನೆ ಡಿಗ್ರಿ ನೇರ ಚರ್ಮಕ್ಕೆ ತಾಗಿದರೆ ಚರ್ಮ ಸುಟ್ಟ ಹಾಗಾಗುತ್ತದೆ, ರಕ್ತನಾಳ ಬಿಗಿದು ಶಾಖ ಹೊರಗೆ ಬರುವುದೂ ಕಡಿಮೆಯಾಗುತ್ತದೆ. ನಡುವೆ ಒಂದು ಬಟ್ಟೆ ಇರಲೇಬೇಕು.

ಮೂರನೆಯದು ಮೇಣದಂಥ ವಸ್ತು ತುಂಬಿದ್ದು, ಪಿಸಿಎಂ ಎನ್ನುತ್ತಾರೆ. 14, 15 ಡಿಗ್ರಿಯಿಂದ ಹಿಡಿದು 28 ಡಿಗ್ರಿವರೆಗೆ ಬೇರೆ ಬೇರೆ ಮಟ್ಟದಲ್ಲಿ ಕರಗುವಂಥವು ಸಿಗುತ್ತವೆ. ಹಿತವಾದ ತಂಪು, ಚರ್ಮಕ್ಕೆ ಅಪಾಯವಿಲ್ಲ. ಆದರೆ ಕಿಲೋಗೆ 200 ಕಿಲೋಜೂಲ್ ಆಸುಪಾಸು ಮಾತ್ರ ಹೀರುತ್ತದೆ, ಅಂದರೆ ಅದೇ ಎರಡು ಕಿಲೋಗೆ 22 ನಿಮಿಷ. ಇದರ ದೊಡ್ಡ ಅನುಕೂಲ ಬೇರೆಯೇ ಇದೆ: ಕಡಿಮೆ ಡಿಗ್ರಿಯ ಪ್ಯಾಕ್‌ಗಳನ್ನು ಐಸ್ ನೀರಿನ ಬಕೆಟ್‌ನಲ್ಲಿ ಮುಳುಗಿಸಿಟ್ಟರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಗಟ್ಟಿಯಾಗುತ್ತವೆ, ಫ್ರೀಜರ್ ಹುಡುಕಬೇಕಿಲ್ಲ. ಎರಡು ಜೊತೆ ಇದ್ದರೆ ಒಂದು ಮೈಮೇಲೆ, ಒಂದು ಬಕೆಟ್‌ನಲ್ಲಿ.

ನಾಲ್ಕನೆಯದು ಸಣ್ಣ ಪಂಪ್ ಇಟ್ಟು ಕೊಳವೆಗಳಲ್ಲಿ ಐಸ್ ನೀರು ಹರಿಸುವುದು. ಚೆನ್ನಾಗಿ ಕೆಲಸ ಮಾಡುತ್ತದೆ, ದುಬಾರಿ, ಭಾರ, ಕೊಳವೆ ಮಡಚಿಕೊಂಡರೆ ನಿಂತುಹೋಗುತ್ತದೆ.

ನನ್ನನ್ನು ಕೇಳಿದರೆ ಪಿಸಿಎಂ. ಯಾವುದೇ ಆದರೂ ಕರಗಿದ ಮೇಲೆ ಅದೇ ವೆಸ್ಟ್ ಇನ್ನೊಂದು ಪದರ ಕಂಬಳಿ, ತಕ್ಷಣ ತೆಗೆಯಬೇಕು. ವೆಸ್ಟ್ ಇದೆ ಅಂತ ವಿರಾಮ ತಪ್ಪಿಸಬೇಡಿ.

ವೆಸ್ಟ್ ಬದಲು ಐಸ್ ಪ್ಯಾಕೆಟ್ ಕತ್ತಿಗೆ ಕಟ್ಟಿಕೊಂಡರೆ?

ಕತ್ತು ತಂಪಾದರೆ ಮನಸ್ಸಿಗೆ ಎಲ್ಲ ತಂಪಾದ ಹಾಗೆ ಅನಿಸುತ್ತದೆ, ಮೈಯೊಳಗಿನ ತಾಪ ಹೆಚ್ಚೇನೂ ಇಳಿದಿರುವುದಿಲ್ಲ. ಹಾಗಾಗಿ ಮೋಸ ಹೋಗುವುದು ಸುಲಭ. ಮೆಂಥಾಲ್ ಹಚ್ಚಿಕೊಳ್ಳುವುದಂತೂ ಬೇಡವೇ ಬೇಡ. ಅದು ತಂಪಿನ ಭ್ರಮೆ ಕೊಡುತ್ತದೆಯೇ ಹೊರತು ಶಾಖ ತೆಗೆಯುವುದಿಲ್ಲ, ಬೆವರಿನ ಜೊತೆ ಕಣ್ಣಿಗಿಳಿದರೆ ಮುಗಿಯಿತು ಕಥೆ.

ಒಳಗೆ ಕಾಟನ್ ಬಟ್ಟೆ ಒಳ್ಳೆಯದಲ್ವಾ?

ಹೊರಗೆ ಓಡಾಡಲು ಹೌದು, ಇಲ್ಲಿ ಅಲ್ಲ. ಕಾಟನ್ ಬೆವರು ಕುಡಿದು ಭಾರವಾಗಿ ಮೈಗೆ ಅಂಟುತ್ತದೆ, ಉಜ್ಜಿ ಉಜ್ಜಿ ಕಂಕುಳು, ತೊಡೆಸಂದಿ ಕೆಂಪಾಗುತ್ತವೆ. ಆಟಗಾರರು ಹಾಕುವ, ಮೈಗೆ ಬಿಗಿಯಾಗಿ ಕೂರುವ ತೆಳು ಪಾಲಿಯೆಸ್ಟರ್ ಬಟ್ಟೆ ಹಾಕಿ. ಪೂರ್ತಿ ತೋಳು, ಪೂರ್ತಿ ಕಾಲು ಇರಲಿ. ಒಂದು ಪದರ ಜಾಸ್ತಿಯಾದರೆ ಸೆಕೆ ಜಾಸ್ತಿ ಅನ್ನುತ್ತೀರಿ, ಆದರೆ ಅದು ಬೆವರನ್ನು ಹರಡುತ್ತದೆ, ವೇಷ ಬೇಗ ನೆನೆಯುವುದನ್ನು ತಡೆಯುತ್ತದೆ, ವಿರಾಮದಲ್ಲಿ ಫ್ಯಾನ್ ಮುಂದೆ ಬೇಗ ಆರುತ್ತದೆ. ತಲೆಗೆ ಅದೇ ಬಟ್ಟೆಯ ಕುಲಾವಿ. ಎರಡು ಮೂರು ಜೊತೆ ತನ್ನಿ, ಪ್ರತಿ ವಿರಾಮಕ್ಕೂ ಒಣಗಿದ್ದನ್ನು ಹಾಕಿಕೊಳ್ಳಿ.

ಸ್ಪಂಜು ಕಡಿಮೆ ಮಾಡಿದರೆ ಆಕಾರ ಕೆಡುತ್ತದೆ. ಏನು ಮಾಡಲಿ?

ಆಕಾರಕ್ಕೆ ಬೇಕಿರುವುದು ಹೊರಗೆರೆ ಮಾತ್ರ. ಒಳಗೆಲ್ಲ ತುಂಬಬೇಕಾಗಿಲ್ಲ. ದಪ್ಪ ಹೊಟ್ಟೆಯ ಪ್ರಾಣಿಯಾದರೆ ಹೊಟ್ಟೆಯ ಸುತ್ತ ಪ್ಲಾಸ್ಟಿಕ್ ಬಳೆ ಅಥವಾ ಬಾಗುವ ಪಟ್ಟಿ ಕೂರಿಸಿ, ತುಪ್ಪಳ ಮೈಯಿಂದ ದೂರ ನಿಲ್ಲುವ ಹಾಗೆ ಮಾಡಬಹುದು. ನಡುವಿನ ಖಾಲಿ ಜಾಗದಲ್ಲಿ, ನಡೆದಾಗೆಲ್ಲ ಗಾಳಿ ಅಲುಗುತ್ತದೆ. ಕತ್ತಿನ ಹತ್ತಿರ ಹೊರದಾರಿ ಇದ್ದರೆ ಬಿಸಿಗಾಳಿ ತಾನಾಗಿ ಮೇಲೇರಿ ಹೋಗುತ್ತದೆ.

ಸ್ಪಂಜು ಬೇಕೇಬೇಕು ಎನ್ನುವ ಕಡೆ ಹಾಸಿಗೆ ಸ್ಪಂಜಿನ ಬದಲು ದೊಡ್ಡ ತೂತಿನ ಫಿಲ್ಟರ್ ಸ್ಪಂಜು ಬಳಸಿ. ಬೆಳಕಿಗೆ ಹಿಡಿದರೆ ಆಚೆಬದಿ ಮಸುಕಾಗಿ ಕಾಣುತ್ತದೆ, ಬಾಯಿಟ್ಟು ಊದಿದರೆ ಉಸಿರು ಆಚೆ ಕೈಗೆ ತಾಗುತ್ತದೆ. ನೀರು ಹಿಡಿದಿಡುವುದಿಲ್ಲ, ಅಲ್ಲಾಡಿಸಿದರೆ ಸುರಿದುಹೋಗುತ್ತದೆ. ಕಂಕುಳು, ತೊಡೆಸಂದಿ, ಕತ್ತು, ಬೆನ್ನಿನ ನಡು, ಈ ನಾಲ್ಕು ಕಡೆ ಯಾವ ತುಂಬುವಿಕೆಯೂ ಬೇಡ. ಅಲ್ಲಿ ತುಪ್ಪಳದ ಬದಲು ಅದೇ ಬಣ್ಣದ ಜಾಲರಿ ಹೊಲಿದರೂ ಕೈ ಎತ್ತದ ಹೊರತು ಗೊತ್ತಾಗುವುದಿಲ್ಲ. ತುಂಬುವ ದಿಂಬುಗಳು ವೇಷಕ್ಕೆ ಹೊಲಿದಿರದೆ ಕಳಚಿ ತೆಗೆಯುವಂತಿರಲಿ. ಬೇಸಿಗೆಯಲ್ಲಿ ಅರ್ಧ ತೆಗೆದಿಡಬಹುದು, ಒಣಗಿಸಲೂ ಸುಲಭ.

ಹೊಸದಾಗಿ ಹೊಲಿಸುವವರಿಗೆ ಇನ್ನೊಂದು ಮಾತು. ಎಳೆ ಗಿಡ್ಡ ಇದ್ದಷ್ಟೂ ಒಳ್ಳೆಯದು, ಬಿಸಿಲಲ್ಲಿ ಕೆಲಸವಿದ್ದರೆ ತಿಳಿ ಬಣ್ಣ. ಆದರೆ ಕಪ್ಪು ಕರಡಿಯನ್ನು ಬಿಳಿ ಮಾಡಿ ಅಂತ ನಾನು ಹೇಳುವುದಿಲ್ಲ, ನೆರಳಲ್ಲಿ ನಿಲ್ಲಿಸಿ.

ನೀರು ಎಷ್ಟು ಕುಡಿಯಬೇಕು?

ಬೇಯುತ್ತಿರುವಾಗ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿಲಿಲೀಟರ್. ಬಾಯಾರಿಕೆ ಆಗಲಿ ಅಂತ ಕಾಯಬೇಡಿ. ಹಾಗಂತ ಗಂಟೆಗೆ ಒಂದೂವರೆ ಲೀಟರ್ ಮುಟ್ಟುವಷ್ಟು ಕುಡಿಯಲೂಬೇಡಿ, ರಕ್ತದಲ್ಲಿ ಸೋಡಿಯಂ ಇಳಿದು ಅದೇ ಬೇರೆ ಅಪಾಯವಾಗುತ್ತದೆ. ಒಂದೆರಡು ಗಂಟೆ ಮೀರಿದ ಕೆಲಸವಾದರೆ ಉಪ್ಪು, ಸಕ್ಕರೆಯೂ ಬೇಕು. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಿಸಬೇಡಿ. ವೇಷ ಹಾಕುವ ಮೊದಲು ಪುಡಿ ಮಾಡಿದ ಐಸ್ ಬೆರೆಸಿದ ಪಾನೀಯ ಕುಡಿದರೆ ಮೈ ಒಳಗಿಂದಲೇ ಸ್ವಲ್ಪ ತಂಪಾಗಿ ಶುರುವಾಗುತ್ತದೆ.

ಮೂತ್ರಕ್ಕೆ ಹೋಗುವುದು ಕಷ್ಟ ಅಂತ ಬೆಳಗ್ಗೆಯಿಂದ ನೀರು ಬಿಡುವವರಿದ್ದಾರೆ. ಇದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಮದ್ಯ ಕುಡಿದು, ಅಥವಾ ಹಿಂದಿನ ರಾತ್ರಿಯ ಅಮಲು ಇಳಿಯದೆ, ವೇಷಕ್ಕೆ ಕೈ ಹಾಕಲೇಬೇಡಿ.

ಯಾರು ಹಾಕಬಾರದು?

ಜ್ವರ, ವಾಂತಿ, ಭೇದಿ ಇರುವವರು, ನಿದ್ದೆಗೆಟ್ಟವರು ಆ ದಿನ ಬೇಡ. ಹಿಂದೆ ಹೀಟ್ ಸ್ಟ್ರೋಕ್ ಆದವರು, ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳದೆ ಬೇಡ. ಮಾತ್ರೆಗಳನ್ನು ಜನ ಮರೆಯುತ್ತಾರೆ: ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಹೃದಯಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ, ನಿದ್ದೆ ತರಿಸುವ ನೆಗಡಿ ಮಾತ್ರೆ, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆ, ಇವು ಬೆವರುವುದನ್ನೋ ಶಾಖ ಹೊರಹಾಕುವುದನ್ನೋ ಕೆಡಿಸಬಲ್ಲವು. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ವೇಷ ಬಿಡಿ.

ಜೊತೆಗೆ ಒಬ್ಬರು ಬೇಕೇ ಬೇಕಾ?

ಹೌದು. ಝಿಪ್ ಬೆನ್ನ ಮೇಲಿದೆ, ನಿಮ್ಮ ಕೈ ದಪ್ಪ ಪಂಜದೊಳಗಿದೆ, ಕಣ್ಣಿಗೆ ಕಾಣುವುದು ಎರಡು ಸಣ್ಣ ಕಿಂಡಿಯಷ್ಟು. ತಲೆತಿರುಗುವಾಗ ಇದನ್ನೆಲ್ಲ ಒಬ್ಬರೇ ಬಿಚ್ಚಲು ಹೋಗಿ ನೋಡಿ. ಝಿಪ್ಪಿನ ಗುಂಡಿಗೆ ಗಟ್ಟಿ ದಾರ ಕಟ್ಟಿ, ಅದರ ತುದಿಗೆ ಪಂಜದ ಹೆಬ್ಬೆರಳು ತೂರುವಷ್ಟು ದೊಡ್ಡ ಕುಣಿಕೆ ಹಾಕಿ, ತುಪ್ಪಳದೊಳಗೆ ಅಡಗಿಸಿಡಿ. ಒಬ್ಬರೇ ಸಿಕ್ಕಿಕೊಂಡರೂ ಎಳೆಯಬಹುದು, ಜೊತೆಯವರಿಗೂ ಹುಡುಕಾಟ ತಪ್ಪುತ್ತದೆ.

ಮಾತು ಕೇಳಿಸದ ಕಡೆ ಸನ್ನೆ ಬೇಕು. ವೇಷದ ಆಟದಲ್ಲಿ ಬರದಂಥ ಸನ್ನೆಯೇ ಆಗಿರಲಿ. ಎರಡೂ ಕೈ ತಲೆಯ ಮೇಲಿಟ್ಟರೆ "ಈಗಲೇ ಹೊರಗೆ", ಪ್ರಶ್ನೆ ಕೇಳುವಂತಿಲ್ಲ. ಫೋಟೋಗೆ ಸಾಲು ನಿಂತವರಿಗೆ ಉತ್ತರ ಹೇಳುವುದು ಜೊತೆಯವರ ಪಾಲಿಗೆ ಬಿಡಿ.

ಯಾವಾಗ ಗಾಬರಿಯಾಗಬೇಕು?

ತಲೆನೋವು, ಹೊಟ್ಟೆ ತೊಳಸು, ತಲೆಸುತ್ತು, ಕಾಲಿನ ಸೆಳೆತ, ಕಾರಣವಿಲ್ಲದ ಸಿಟ್ಟು, ಇಷ್ಟರಲ್ಲಿ ಒಂದು ಬಂದರೂ ಹೊರಗೆ ಬನ್ನಿ. ಇಷ್ಟು ಸೆಕೆಯಲ್ಲಿ ಮೈ ಜುಮ್ಮೆಂದು ಚಳಿಯಾದರೆ ಅದು ತಂಪಾಗುತ್ತಿರುವ ಲಕ್ಷಣವಲ್ಲ, ಓಡಿ ಬನ್ನಿ. "ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್" ಎನ್ನುವುದನ್ನು ನಂಬಬೇಡಿ, ಮೈ ದಣಿದು ಬರುವ ಹೀಟ್ ಸ್ಟ್ರೋಕ್‌ನಲ್ಲಿ ಬೆವರು ಸುರಿಯುತ್ತಲೇ ಇರಬಹುದು. ಮೈಯೊಳಗಿನ ತಾಪ 40 ಡಿಗ್ರಿಯ ಆಸುಪಾಸು ಮುಟ್ಟಿ, ಮಾತು ತೊದಲಿ, ಅಸಂಬದ್ಧವಾಗಿ ಮಾತಾಡಿದರೆ, ಕುಸಿದರೆ, ಅದು ಜೀವದ ಪ್ರಶ್ನೆ.

ಕುಸಿದೇ ಬಿಟ್ಟರೆ?

ಮೊದಲು ತಲೆ ತೆಗೆಯಿರಿ, ಆಮೇಲೆ ಝಿಪ್. ಝಿಪ್ ಸಿಕ್ಕಿಕೊಂಡರೆ ಕತ್ತರಿ ಹಾಕಿ, ವೇಷದ ಮುಖ ನೋಡಬೇಡಿ. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಲಿ, ಉಳಿದವರು ತಂಪು ಮಾಡಲು ಶುರು ಮಾಡಲಿ, ಆಂಬುಲೆನ್ಸ್ ಬರಲಿ ಅಂತ ಕಾಯುತ್ತಾ ಕೂರಬಾರದು. ದೊಡ್ಡ ತೊಟ್ಟಿಯಲ್ಲಿ ತಣ್ಣೀರಿದ್ದರೆ ತಲೆ ಹಿಡಿದು ಕತ್ತಿನವರೆಗೆ ಮುಳುಗಿಸುವುದು ಎಲ್ಲಕ್ಕಿಂತ ಬೇಗ ತಾಪ ಇಳಿಸುತ್ತದೆ. ಅದಿಲ್ಲದಿದ್ದರೆ ಮೈತುಂಬ ನೀರು ಸುರಿದು ಗಾಳಿ ಹಾಕಿ, ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಇಡಿ, ಐಸ್ ನೀರಿನ ಟವೆಲ್ ಹೊದಿಸಿ ಬದಲಿಸುತ್ತಾ ಇರಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ನಿನ್ನೆ ಬೆವತ ವೇಷ ಇವತ್ತೂ ಒದ್ದೆ ಇದೆ. ಹಾಕಬಹುದಾ?

ನಾರುತ್ತದೆ ಎನ್ನುವುದು ಬಿಡಿ, ಸೆಕೆಯ ಲೆಕ್ಕದಲ್ಲೂ ನಷ್ಟ. ಒದ್ದೆ ಸ್ಪಂಜು ಭಾರ, ಭಾರ ಹೊತ್ತರೆ ಮೈಗೆ ಬಿಸಿ ಜಾಸ್ತಿ, ಜೊತೆಗೆ ಒಳಗಿನ ಗಾಳಿ ಮೊದಲ ನಿಮಿಷದಿಂದಲೇ ತೇವ. ಕಳಚಿದ ಕೂಡಲೇ ಒಳಬದಿ ಹೊರಗೆ ಮಾಡಿ ತೂಗುಹಾಕಿ, ತೋಳು ಕಾಲುಗಳಿಗೆ ಫ್ಯಾನ್ ಗಾಳಿ ಹೋಗಲಿ. ತಲೆಯನ್ನು ಫ್ಯಾನಿಗೆ ಎದುರಾಗಿ ಬೋರಲು ಇಡಿ. ಬಿಸಿ ಡ್ರೈಯರ್ ಹತ್ತಿರ ತರಬೇಡಿ, ಅಕ್ರಿಲಿಕ್ ಎಳೆ ಸುರುಟಿಕೊಂಡರೆ ಮತ್ತೆ ನೆಟ್ಟಗಾಗುವುದಿಲ್ಲ.

ನಾವು ಕಾರ್ಯಕ್ರಮ ನಡೆಸುವವರು. ನಾವೇನು ಮಾಡಬೇಕು?

ವೇಷದವರು ಕೆಲಸ ಮಾಡುವ ಜಾಗದಿಂದ ಒಂದೆರಡು ನಿಮಿಷದ ನಡಿಗೆಯಲ್ಲಿ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಕೊಡಿ. ಅದರಲ್ಲಿ ದೊಡ್ಡ ಫ್ಯಾನ್ ಅಥವಾ ಎಸಿ, ಬೆನ್ನಿಲ್ಲದ ಸ್ಟೂಲು (ಬಾಲ ಇರುತ್ತದೆ), ಬಕೆಟ್, ಐಸ್, ಕುಡಿಯುವ ನೀರು, ಒಂದು ಕತ್ತರಿ. ಒಂದೇ ವೇಷಕ್ಕೆ ಇಬ್ಬರನ್ನು ಗೊತ್ತುಮಾಡಿ, ಸರದಿಯ ಮೇಲೆ ಹಾಕಲಿ, ಒಳಬಟ್ಟೆ ಇಬ್ಬರಿಗೂ ಬೇರೆ ಬೇರೆ ಇರಲಿ. ಮೆರವಣಿಗೆಯ ಮಧ್ಯೆ ಹೊರಗೆ ಬರಲು ದಾರಿಯೇ ಇಲ್ಲದಂತೆ ಕಾರ್ಯಕ್ರಮ ಹಾಕಬೇಡಿ, ಪಕ್ಕದಲ್ಲೇ ಒಂದು ಗಾಡಿ ಬರುತ್ತಿರಲಿ. ವೇಷದವರು ವಿರಾಮ ಕೇಳಿದಾಗ ಗೊಣಗುವ ಸ್ವಯಂಸೇವಕರಿಗೆ ಒಂದು ಸಲ ಆ ವೇಷ ಹಾಕಿಸಿ ಹತ್ತು ನಿಮಿಷ ಕುಣಿಸಿ, ಆಮೇಲೆ ಅವರೇ ಗಡಿಯಾರ ಹಿಡಿದು ನಿಲ್ಲುತ್ತಾರೆ.